ಅಚ್ಚು ಸರಿಯಿದ್ದರೆ ಬಿಲ್ಲು ಸರಿ

ಬೆಲ್ಲದ ಅಚ್ಚು ನೋಡಿದ್ದೀರಿ. ಇಟ್ಟಿಗೆ ಅಚ್ಚನ್ನೂ ನೋಡಿದ್ದೀರಿ. ಅಚ್ಚಿನ ಒಂದು ಮೂಲೆ ಸೊಟ್ಟ ಇದ್ದರೆ ಏನಾಗುತ್ತದೆ? ನೂರು ಇಟ್ಟಿಗೆ ಹೊಡೆದರೆ ನೂರೂ ಸೊಟ್ಟ. ಪದರ ಬಿಲ್ಲಿನ ಕತೆಯೂ ಹೀಗೇ.

ಪದರ ಬಿಲ್ಲು ಎಂದರೇನು?

ನಮ್ಮ ವಯನಾಡಿಗೆ ಬಿಲ್ಲು ಹೊಸದಲ್ಲ. 1802ರಲ್ಲಿ ಕುರಿಚ್ಯರು ತಲಕ್ಕಲ್ ಚಂದುವಿನ ಜೊತೆ ಪನಮರಂ ಕೋಟೆಗೆ ನುಗ್ಗಿದ್ದು ಬಿಲ್ಲು ಬಾಣ ಹಿಡಿದೇ. ಒಂದೇ ಬಿದಿರು ಸೀಳಿ ಮಾಡುವ ಬಿಲ್ಲು ನಿಮಗೆ ಗೊತ್ತು. ಪದರ ಬಿಲ್ಲು ಬೇರೆ. ತೆಳು ಪಟ್ಟಿಗಳನ್ನು ಒಂದರ ಮೇಲೆ ಒಂದು ಅಂಟಿಸಿ ಅದನ್ನು ಮಾಡುತ್ತಾರೆ. ಜಪಾನಿನ ಯುಮಿ ಎಂಬ ಬಿಲ್ಲು ಹೀಗೆ ಮಾಡಿದ್ದು. ಅದರ ನಡುವೆ ಮರ, ಎರಡೂ ಮೈಗೆ ಬಿದಿರು.

ನಿಮ್ಮ ನೋಟ್‌ಬುಕ್ ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೆ ಒಂದು ಜಾರುತ್ತವೆ. ಕೈ ಬಿಟ್ಟರೆ ಮತ್ತೆ ನೆಟ್ಟಗಾಗುತ್ತವೆ. ಬಗ್ಗಿಸಿದಾಗಲೇ ಹಾಳೆಗಳಿಗೆ ಅಂಟು ಹಚ್ಚಿ ಒಣಗಿಸಿದರೆ? ಆಗ ಹಾಳೆ ಜಾರುವುದಿಲ್ಲ. ಬಾಗು ಹಾಗೇ ನಿಲ್ಲುತ್ತದೆ. ಬಿಲ್ಲಿನ ಪಟ್ಟಿಗಳೂ ಅಷ್ಟೇ. ಅಂಟು ಒಣಗುವ ತನಕ ಅವನ್ನು ಬಾಗಿಸಿ ಹಿಡಿಯುವುದು ಅಚ್ಚಿನ ಕೆಲಸ.

ಅಚ್ಚು ಮಾಡುವುದು

18 ಮಿ.ಮೀ. ಪ್ಲೈವುಡ್ಡಿನ ಮೂರು ತುಂಡು ತೆಗೆದುಕೊಳ್ಳಿ. ಉದ್ದ 170 ಸೆಂ.ಮೀ., ಅಗಲ 15 ಸೆಂ.ಮೀ. ಮೂರನ್ನೂ ಸೇರಿಸಿ ಅಂಟಿಸಿ. 54 ಮಿ.ಮೀ. ದಪ್ಪದ ಹಲಗೆ ಆಯ್ತು.

ಅಚ್ಚಿನ ಮೇಲ್ಮೈ ದೋಣಿಯ ಹಾಗಿರಬೇಕು. ನಡು ತಗ್ಗು, ಎರಡೂ ತುದಿ ಎತ್ತರ. ನಡುವೆ 20 ಸೆಂ.ಮೀ. ಮಟ್ಟ ಬಿಡಿ. ಅದು ಹಿಡಿಯ ಜಾಗ.

ಎರಡು ಕಡೆಯ ಬಾಗನ್ನು ಬೇರೆ ಬೇರೆ ಬರೆಯಬೇಡಿ. ಒಂದು ಕಡೆಯದನ್ನು ಮಾತ್ರ ದಪ್ಪ ರಟ್ಟಿನ ಮೇಲೆ ಬರೆದು ಕತ್ತರಿಸಿ. ರಟ್ಟನ್ನು ಎಡಕ್ಕೆ ಇಟ್ಟು ಗೆರೆ ಎಳೆಯಿರಿ. ಅದನ್ನೇ ಮಗುಚಿ ಬಲಕ್ಕೆ ಇಟ್ಟು ಗೆರೆ ಎಳೆಯಿರಿ. ಎರಡು ತೋಳೂ ಒಂದೇ ಸಮ ಬರುತ್ತವೆ. ಗರಗಸವನ್ನು ಗೆರೆಯ ಹೊರಗೇ ನಡೆಸಿ. ಉಳಿದದ್ದನ್ನು ಉಜ್ಜಿ ಗೆರೆಗೆ ತನ್ನಿ.

ತಪ್ಪು ಹಿಡಿಯುವುದು ಹೇಗೆ?

ಅಂಟು ಹಚ್ಚುವ ಮೊದಲು ನಾಲ್ಕು ಪರೀಕ್ಷೆ ಮಾಡಿ.

1. ನೂಲು: ಮೇಲ್ಮೈ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ತುದಿಯಿಂದ ತುದಿಗೆ ನೂಲು ಬಿಗಿದು ಮೇಲಿಂದ ನೋಡಿ. ಗೆರೆ ನೂಲಿನ ಕೆಳಗೇ ಇರಬೇಕು.

2. ಮೂಲೆಮಟ್ಟ: ಮೇಲ್ಮೈಗೂ ಪಕ್ಕಕ್ಕೂ ಮೂಲೆಮಟ್ಟ ಹಿಡಿಯಿರಿ. ಸಂದು ಕಂಡರೆ ಮೇಲ್ಮೈ ವಾರೆ ಇದೆ ಎಂದು ಅರ್ಥ.

3. ಎರಡು ಕೋಲು: ನೆಟ್ಟಗಿನ ಎರಡು ಕೋಲನ್ನು ಅಚ್ಚಿನ ಎರಡು ತುದಿಗೆ ಅಡ್ಡ ಇಡಿ. ಒಂದು ಕಣ್ಣು ಮುಚ್ಚಿ ಒಂದು ತುದಿಯಿಂದ ನೋಡಿ. ಎರಡು ಕೋಲೂ ಒಂದೇ ಓರೆಯಲ್ಲಿ ಕಾಣಬೇಕು. ಒಂದು ಎದ್ದು ಒಂದು ಬಿದ್ದಂತೆ ಕಂಡರೆ ಅಚ್ಚು ತಿರುಚಿದೆ. ಆ ತಿರುಚು ಬಿಲ್ಲಿಗೂ ಬರುತ್ತದೆ. ಆಗ ಹೆದೆ ನಡುವೆ ನಿಲ್ಲದೆ ಪಕ್ಕಕ್ಕೆ ಎಳೆಯುತ್ತದೆ.

4. ಟಾರ್ಚು: ತೆಳು ಪಟ್ಟಿಯನ್ನು ಅಚ್ಚಿನ ಮೇಲೆ ಒತ್ತಿ ಹಿಡಿಯಿರಿ. ಹಿಂದಿನಿಂದ ಟಾರ್ಚು ಬಿಡಿ. ಬೆಳಕು ನುಸುಳಿದ ಕಡೆ ತಗ್ಗು ಇದೆ.

ಈಗ ಅಳೆಯಿರಿ. ಅಚ್ಚನ್ನು ಸಮ ನೆಲದ ಮೇಲೆ ನಿಲ್ಲಿಸಿ. ನಡುವಿನಿಂದ ಅಳೆದುಕೊಂಡು ನೆಲದಿಂದ ಎತ್ತರ ಎಷ್ಟು ಎಂದು ಬರೆಯಿರಿ. ಒಂದು ಅಚ್ಚಿನ ಲೆಕ್ಕ ಹೀಗಿದೆ ಎಂದುಕೊಳ್ಳಿ:

25 ಸೆಂ.ಮೀ. ದೂರದಲ್ಲಿ: ಎಡ 102 ಮಿ.ಮೀ., ಬಲ 102
40 ಸೆಂ.ಮೀ. ದೂರದಲ್ಲಿ: ಎಡ 108, ಬಲ 108
55 ಸೆಂ.ಮೀ. ದೂರದಲ್ಲಿ: ಎಡ 118, ಬಲ 121
70 ಸೆಂ.ಮೀ. ದೂರದಲ್ಲಿ: ಎಡ 132, ಬಲ 132
85 ಸೆಂ.ಮೀ. ದೂರದಲ್ಲಿ: ಎಡ 150, ಬಲ 150

ತಪ್ಪು ಎಲ್ಲಿದೆ? ಬಲಗಡೆ 55 ಸೆಂ.ಮೀ. ದೂರದಲ್ಲಿ 3 ಮಿ.ಮೀ. ಉಬ್ಬು ಇದೆ. ಕಣ್ಣಿಗೆ ಕಾಣದ್ದು ಬರೆದಾಗ ಕಂಡಿತು. ಅದಕ್ಕೇ ಹೇಳುವುದು, ಅಳೆದರೆ ಸಾಲದು, ಬರೆಯಬೇಕು.

ತಪ್ಪು ತಿದ್ದುವುದು ಹೇಗೆ?

ಉಬ್ಬು ಇದ್ದರೆ: ಅಚ್ಚಿನ ಬಾಗಿಗೆ ಹೊಂದುವ ಮರದ ತುಂಡಿಗೆ ಸ್ಯಾಂಡ್ ಪೇಪರ್ ಅಂಟಿಸಿ. ಬಾಗಿನ ಉದ್ದಕ್ಕೆ ಉಜ್ಜಿ. ಬರೀ ಬೆರಳಿನಿಂದ ಪೇಪರ್ ಒತ್ತಿ ಉಜ್ಜಬೇಡಿ. ಉಬ್ಬು ಹೋಗಿ ಅಲ್ಲೇ ಹೊಂಡ ಬೀಳುತ್ತದೆ. ನಾಲ್ಕು ಸಲ ಉಜ್ಜಿ, ಒಮ್ಮೆ ಅಳೆಯಿರಿ.

ತಗ್ಗು ಇದ್ದರೆ: ನಯವಾದ ಮರದ ಹುಡಿಯನ್ನು ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟಿನಲ್ಲಿ ಕಲಸಿ ತುಂಬಿ. ಸ್ವಲ್ಪ ಮೇಲಕ್ಕೇ ಇರಲಿ. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿ.

ವಾರೆ ಅಥವಾ ತಿರುಚು ಇದ್ದರೆ: ಎತ್ತರದ ಅಂಚನ್ನು ಮಾತ್ರ ಕೀಸಿ. ಆಗಾಗ ಮೂಲೆಮಟ್ಟವನ್ನೂ ಎರಡು ಕೋಲನ್ನೂ ಇಟ್ಟು ನೋಡಿ.

ತಗ್ಗನ್ನು ಹಾಗೇ ಬಿಟ್ಟರೆ ಪಟ್ಟಿಗಳಿಗೆ ಅಲ್ಲಿ ಸರಿಯಾದ ಒತ್ತಡ ಸಿಗುವುದಿಲ್ಲ. ಪದರದ ನಡುವೆ ಸಂದು ಉಳಿಯುತ್ತದೆ. ಬಿಲ್ಲು ಎಳೆದಾಗ ಆ ಪದರ ಬಿಡಬಹುದು. ಬಿಲ್ಲು ನಿಮ್ಮ ಮುಖದ ಹತ್ತಿರವೇ ಮುರಿಯಬಹುದು. ಹೋಗುವುದು ಬಿದಿರು, ಅಂಟಿನ ಕಾಸು ಮಾತ್ರ ಅಲ್ಲ, ಕಣ್ಣೂ ಹೋದೀತು.

ಅಚ್ಚಿಗೆ ಇಡುವುದು

ಅಚ್ಚಿನ ಮೇಲೆ ಪ್ಲಾಸ್ಟಿಕ್ ಟೇಪು ಅಂಟಿಸಿ. ಇಲ್ಲವಾದರೆ ಬಿಲ್ಲು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮರದ ಪಟ್ಟಿ ಕೆಳಗೆ, ಬಿದಿರಿನ ಪಟ್ಟಿ ಮೇಲೆ ಇರಲಿ. ಬಿದಿರಿನ ಹೊರಮೈ ಆಕಾಶ ನೋಡಬೇಕು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ನಡುವಿನಿಂದ ತುದಿಗೆ ಬಿಗಿಯಾಗಿ ಸುತ್ತಿ. ಅಂಟಿನ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಬಿಚ್ಚಿದಾಗ ಬಾಗು ಸ್ವಲ್ಪ ಇಳಿಯುತ್ತದೆ. ಹೆದರಬೇಡಿ, ಅದು ಸಹಜ. ಹೆದೆ ಕಟ್ಟುವಾಗ ತೋಳುಗಳನ್ನು ಈ ಬಾಗಿಗೆ ಎದುರಾಗಿ ಬಗ್ಗಿಸಬೇಕು.

ಮಳೆಗಾಲದಲ್ಲಿ ಅಚ್ಚು ಥಂಡಿ ಹಿಡಿದು ಸೊಟ್ಟಗಾಗುತ್ತದೆ. ವಾರ್ನಿಶ್ ಹಚ್ಚಿ, ಒಣ ಜಾಗದಲ್ಲಿ ಮಟ್ಟವಾಗಿ ಮಲಗಿಸಿ ಇಡಿ. ಪ್ರತಿ ಸಲ ಅಂಟಿಸುವ ಮೊದಲು ಮತ್ತೆ ಅಳೆಯಿರಿ.

ಎಚ್ಚರ

ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿ. ಅಂಟು ಕೈಗೆ ತಾಗಿಸಬೇಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಬಿಲ್ಲು ಮುರಿಯುತ್ತದೆ. ಜನರ ಕಡೆಗೆ ಗುರಿ ಇಡಬೇಡಿ. ಬಿಲ್ಲು ಆಟಕ್ಕೆ, ಪಂದ್ಯಕ್ಕೆ. ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಹೊಸ ಪದಗಳು

ಪದರ: ಒಂದರ ಮೇಲೆ ಒಂದು ಇರುವ ಪಟ್ಟಿ
ಹೆದೆ: ಬಿಲ್ಲಿಗೆ ಕಟ್ಟುವ ಹಗ್ಗ
ತಿರುಚು: ಹಿಂಡಿದ ಬಟ್ಟೆಯ ಹಾಗೆ ತಿರುಗಿರುವುದು

ಓದಿ, ಉತ್ತರ ಬರೆಯಿರಿ

1. ರಟ್ಟನ್ನು ಮಗುಚಿ ಇಡುವುದು ಏಕೆ?
2. ಟಾರ್ಚಿನ ಬೆಳಕು ನುಸುಳಿದರೆ ಏನು ಮಾಡಬೇಕು?
3. ಒಂದು ಅಚ್ಚಿನಲ್ಲಿ 70 ಸೆಂ.ಮೀ. ದೂರಕ್ಕೆ ಎಡ 132 ಮಿ.ಮೀ., ಬಲ 128 ಮಿ.ಮೀ. ಇದೆ. ಬಲಗಡೆ 132 ಇರಬೇಕಿತ್ತು. ಅಲ್ಲಿರುವುದು ಉಬ್ಬೋ, ತಗ್ಗೋ? ಎಷ್ಟು ಮಿ.ಮೀ.?
4. ನಿಮ್ಮ ಮನೆಯ ಬಾಗಿಲನ್ನು ಮೂಲೆಯಿಂದ ಮೂಲೆಗೆ ಎರಡು ಕಡೆ ಅಳೆದು ಬರೆಯಿರಿ. ಎರಡೂ ಒಂದೇ ಇದೆಯೇ?