ಮನೆಯ ಸೌರಫಲಕವೂ ಆದಾಯ ತೆರಿಗೆಯೂ

ಛಾವಣಿಯ ಮೇಲೆ ಬೀಳುವ ಬಿಸಿಲಿಗೆ ಬೆಲೆಯಿಲ್ಲ. ಅದನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಲಕರಣೆಗೆ ಬೆಲೆಯುಂಟು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈ ವೆಚ್ಚದ ಒಂದು ಪಾಲನ್ನು ಕೇಂದ್ರ ಸರಕಾರವು ಆದಾಯ ತೆರಿಗೆಯ ಮೂಲಕ 2006ರಿಂದ 2025ರವರೆಗೆ ವಹಿಸಿಕೊಂಡಿತ್ತು. ಅಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೂ ಸಂಬಂಧಿಸಿದ ಈ ಏರ್ಪಾಡನ್ನು ಪರಿಶೀಲಿಸೋಣ.

ಮೊದಲು ಭೌತವಿಜ್ಞಾನದ ಮಾತು. ನಿರ್ಮಲವಾದ ಮಧ್ಯಾಹ್ನದಲ್ಲಿ ಬಿಸಿಲಿಗೆ ನೇರವಾಗಿ ಒಡ್ಡಿದ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ. 1954ರಲ್ಲಿ ಬೆಲ್ ಪ್ರಯೋಗಶಾಲೆಯವರು ಪ್ರದರ್ಶಿಸಿದ ಸಿಲಿಕಾನ್ ಕೋಶವು ಇದರಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು 20 ಪಾಲನ್ನೂ ಮೀರುತ್ತವೆ. ಆದಕಾರಣ ಹಳೆಯ ಫಲಕಗಳಿರುವವರು ಹೊಸವನ್ನು ಸೇರಿಸುವುದೂ, ರಾತ್ರಿಯ ಬಳಕೆಗೆ ಬ್ಯಾಟರಿ ಜೋಡಿಸುವುದೂ ಸಹಜ.

ಇಂಥ ವೆಚ್ಚಕ್ಕೆ ದೊರೆಯುತ್ತಿದ್ದುದು ತೆರಿಗೆಯ ಜಮೆ. ಆದಾಯದಲ್ಲಿ ಮಾಡುವ ಕಡಿತಕ್ಕೂ ಇದಕ್ಕೂ ಬಹಳ ಅಂತರವಿದೆ. ನೂರಕ್ಕೆ 22ರಂತೆ ತೆರಿಗೆ ಕೊಡುವವನ ಆದಾಯದಲ್ಲಿ 1000 ಡಾಲರ್ ಕಡಿತವಾದರೆ ಉಳಿಯುವುದು 220 ಡಾಲರ್. 1000 ಡಾಲರಿನ ಜಮೆಯಾದರೋ ತೆರಿಗೆಯಲ್ಲಿಯೇ ಪೂರ್ತಿ 1000 ಇಳಿಯುತ್ತದೆ. ಆದರೆ ಈ ಜಮೆಯು ತೆರಿಗೆಯನ್ನು ಸೊನ್ನೆಗಿಂತ ಕೆಳಗಿಳಿಸಿ ನಗದು ಕೊಡುವುದಿಲ್ಲ. 2024ರಲ್ಲಿ 10,000 ಡಾಲರ್ ವೆಚ್ಚಮಾಡಿದವರ ಜಮೆ 3000; ಅವರ ಆ ವರ್ಷದ ತೆರಿಗೆ 2000 ಆಗಿದ್ದರೆ, ಮಿಕ್ಕ 1000 ಡಾಲರ್ 2025ರ ಲೆಕ್ಕಕ್ಕೆ ಮುಂದುವರಿಯುತ್ತಿತ್ತು.

ಜಮೆಯ ದರವು 2020 ಮತ್ತು 2021ರಲ್ಲಿ ನೂರಕ್ಕೆ 26, 2022ರಿಂದ 2025ರವರೆಗೆ 30. ಹೊಸ ಫಲಕ, ತಂತಿ, ಜೋಡಣೆಯ ಕೂಲಿ ಇವೆಲ್ಲ ಲೆಕ್ಕಕ್ಕೆ ಸೇರುತ್ತಿದ್ದವು. ಬಳಸಿದ ಸಲಕರಣೆ ಸೇರುತ್ತಿರಲಿಲ್ಲ. ಬಾಡಿಗೆಗೆ ತಂದ ಫಲಕಗಳಿಗೆ ಮನೆಯವರು ಜಮೆ ಕೇಳುವಂತಿರಲಿಲ್ಲ. ಫಲಕ ಕೊಳ್ಳಲು ವಿದ್ಯುತ್ ಕಂಪನಿಯು ಸಹಾಯಧನ ಕೊಟ್ಟಿದ್ದರೆ ಅದನ್ನು ವೆಚ್ಚದಿಂದ ಮೊದಲು ಕಳೆಯಬೇಕಾಗಿತ್ತು. 2023ರಿಂದ ಬ್ಯಾಟರಿಗೂ ಜಮೆ ದೊರೆಯಿತು; ಅದರ ಧಾರಣಶಕ್ತಿ ಕನಿಷ್ಠ 3 ಕಿಲೋವಾಟ್‌ಗಂಟೆ ಇರಬೇಕಾಗಿತ್ತು. ಇಲ್ಲಿ ಎಚ್ಚರ ಬೇಕು: ಕಿಲೋವಾಟ್ ಎಂಬುದು ವಿದ್ಯುತ್ತು ಹರಿಯುವ ವೇಗದ ಅಳತೆ, ಕಿಲೋವಾಟ್‌ಗಂಟೆಯು ಒಟ್ಟು ಶಕ್ತಿಯ ಅಳತೆ, ನಮ್ಮ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್. 5 ಕಿಲೋವಾಟ್ ಕೊಡಬಲ್ಲ ಬ್ಯಾಟರಿಯು ಅರ್ಧ ಗಂಟೆಯಲ್ಲಿ ಬರಿದಾದರೆ ಅದರಲ್ಲಿರುವುದು ಎರಡೂವರೆ ಯೂನಿಟ್ ಮಾತ್ರ, ಅದಕ್ಕೆ ಜಮೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ದಿನಾಂಕ. 2022ರ ಕಾನೂನು ಈ ಜಮೆಯನ್ನು 2034ರವರೆಗೆ ವಿಸ್ತರಿಸಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಹಣ ಸಂದಾಯವಾದ ದಿನವನ್ನಲ್ಲದೆ, ಜೋಡಣೆ ಮುಗಿದ ದಿನವನ್ನು ವೆಚ್ಚದ ದಿನವೆಂದು ಕಾನೂನು ಎಣಿಸುತ್ತದೆ. ನವೆಂಬರಿನಲ್ಲಿ ಪೂರ್ತಿ ಹಣ ಕೊಟ್ಟಿದ್ದರೂ ಕೆಲಸವು 2026ರ ಜನವರಿಯಲ್ಲಿ ಮುಗಿದಿದ್ದರೆ ಜಮೆ ಇಲ್ಲ. 10,000 ಡಾಲರಿನ ಕೆಲಸಕ್ಕೆ ಇದು 3000 ಡಾಲರಿನ ನಷ್ಟ.

ಜಮೆಯನ್ನು ಕೇಳುವುದು 5695ನೆಯ ನಮೂನೆಯಲ್ಲಿ. ಹಿಂದಿನ ವರ್ಷವೊಂದರಲ್ಲಿ ಅರ್ಹತೆಯಿದ್ದೂ ಕೇಳದೆ ಬಿಟ್ಟವರು, ಆ ವರ್ಷದ ಲೆಕ್ಕ ಸಲ್ಲಿಸಿದ ಮೇಲೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ತಿದ್ದುಪಡಿಯ ಲೆಕ್ಕವನ್ನು ಸಲ್ಲಿಸಬಹುದು. ಆದುದರಿಂದ ಖರೀದಿಯ ರಸೀತಿಯನ್ನೂ, ಕೆಲಸ ಮುಗಿದ ದಿನಾಂಕವನ್ನು ತೋರಿಸುವ ಪತ್ರವನ್ನೂ ಒಟ್ಟಿಗೆ ಕಾದಿರಿಸಿಕೊಳ್ಳುವುದು ಲೇಸು.