ವೇಣೂರು ಮತ್ತು ಬೆಳ್ತಂಗಡಿ: ಚಿಕ್ಕ ಊರು, ದೊಡ್ಡ ಚರಿತ್ರೆ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿರುವ ವೇಣೂರು ಇಂದು ಗ್ರಾಮ ಪಂಚಾಯಿತಿಯ ಊರು. ಒಂದು ಕಾಲದಲ್ಲಿ ಇದು ಅಜಿಲ ಜೈನ ಅರಸರ ರಾಜಧಾನಿಯಾಗಿತ್ತು. ವೀರ ತಿಮ್ಮಣ್ಣ ಅಜಿಲ 1604ರಲ್ಲಿ ಇಲ್ಲಿ ಸುಮಾರು 35 ಅಡಿ ಎತ್ತರದ ಗೊಮ್ಮಟ ಮೂರ್ತಿಯನ್ನು ಸ್ಥಾಪಿಸಿದ. ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಈಚಿನವು 2000, 2012 ಮತ್ತು 2024ರಲ್ಲಿ ನಡೆದವು.

ಪರೀಕ್ಷೆಯ ಕಾಲಾನುಕ್ರಮದ ಪ್ರಶ್ನೆಗೆ ಗೊಮ್ಮಟ ಮೂರ್ತಿಗಳ ಈ ಸರಣಿಯನ್ನು ಗಟ್ಟಿ ಮಾಡಿಕೊಳ್ಳಿ: ಶ್ರವಣಬೆಳಗೊಳ (ಕ್ರಿ.ಶ. 981ರ ಸುಮಾರು), ಕಾರ್ಕಳ (1432), ವೇಣೂರು (1604), ಧರ್ಮಸ್ಥಳ (1982). ನಾಲ್ಕರಲ್ಲಿ ವೇಣೂರಿನದೇ ಚಿಕ್ಕದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕಾರ್ಕಳದ ಮೂರ್ತಿಗಿಂತ ಎರಡೇ ವರ್ಷ ಹಿಂದಿನದು.

ಇನ್ನು ಜನಸಂಖ್ಯೆ. 2011ರ ಜನಗಣತಿಯಂತೆ ತಾಲ್ಲೂಕು ಕೇಂದ್ರವಾದ ಬೆಳ್ತಂಗಡಿ ಪಟ್ಟಣದಲ್ಲಿ ಎಂಟು ಸಾವಿರಕ್ಕೂ ಕಡಿಮೆ ಜನ, ತಾಲ್ಲೂಕಿನಲ್ಲಿ 2.6 ಲಕ್ಷಕ್ಕೂ ಹೆಚ್ಚು. ಮೂಡುಬಿದಿರೆಯಲ್ಲಿ 29 ಸಾವಿರ, ಬಂಟ್ವಾಳ ಪುರಸಭೆಯಲ್ಲಿ 40 ಸಾವಿರ ದಾಟಿತ್ತು. ಬೆಳ್ತಂಗಡಿಯಲ್ಲಿ ಪಟ್ಟಣಕ್ಕೂ ತಾಲ್ಲೂಕಿಗೂ ಇರುವ ಈ ಅಂತರಕ್ಕೆ ನೆಲವೇ ಮುಖ್ಯ ಕಾರಣ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ನಿಲ್ಲುವುದಿಲ್ಲ; ಗುಡ್ಡ, ಗದ್ದೆ, ಅಡಿಕೆ ತೋಟಗಳ ನಡುವೆ ದೂರ ದೂರ ಹರಡಿವೆ. ಹಾಗಾಗಿ ಪೇಟೆ ಚಿಕ್ಕದು ಎಂದ ಮಾತ್ರಕ್ಕೆ ಸೀಮೆಯಲ್ಲಿ ಜನವಿಲ್ಲ ಎಂದು ಬರೆಯಬೇಡಿ. ವಸತಿ ಮಾದರಿಯ ಪ್ರಶ್ನೆಗೆ ‘ಚದುರಿದ ವಸತಿ’ಯ ಉದಾಹರಣೆಯಾಗಿ ಈ ತಾಲ್ಲೂಕನ್ನೇ ಕೊಡಬಹುದು.