ಬೆಳಕಿನ ಉಳಿ

ಪಾಮನಕಲ್ಲೂರಿಗೆ ಸಮೀಪದ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಿಲಾಶಾಸನವು 1915ರಲ್ಲಿ ಬೆಳಕಿಗೆ ಬಂದುದನ್ನು ಎಲ್ಲರೂ ಬಲ್ಲರು. ಆ ಅಕ್ಷರಗಳ ನಯವು ಉಳಿಯ ಮೊನೆಯನ್ನು ಅವಲಂಬಿಸಿತ್ತು. ಇಂದು ಬೆಳಕೇ ಉಳಿಯಾಗಿದೆ. ಅದರ ನಯಕ್ಕೆ ಕಾಲದ ಅಲ್ಪತೆಯೇ ಆಧಾರ.

ಸಾಮಾನ್ಯ ಲೇಸರ್ ಕಿರಣವು ವಸ್ತುವನ್ನು ಕಾಯಿಸಿ ಕರಗಿಸುತ್ತದೆ. ಶಾಖವು ಸುತ್ತಲೂ ಹರಡಿ ಅಂಚು ಒರಟಾಗುತ್ತದೆ. ಸೆಕೆಂಡನ್ನು ಹತ್ತು ಕೋಟಿಯಿಂದಲೂ, ಬಂದುದನ್ನು ಮತ್ತೆ ಒಂದು ಕೋಟಿಯಿಂದಲೂ ಭಾಗಿಸಿದರೆ ದೊರೆಯುವುದು ಫೆಮ್ಟೋಸೆಕೆಂಡು. ಇಂತಹ ಕೆಲವು ನೂರು ಫೆಮ್ಟೋಸೆಕೆಂಡುಗಳ ಮಿಡಿತವು, ಶಾಖವು ಹರಡುವ ಮೊದಲೇ ತನ್ನ ಕಾರ್ಯವನ್ನು ಮುಗಿಸುತ್ತದೆ. ಮಿಡಿತವನ್ನು ಹಿಗ್ಗಿಸಿ, ಬಲಪಡಿಸಿ, ಮರಳಿ ಕುಗ್ಗಿಸುವ ಉಪಾಯವನ್ನು ಡೊನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮುರೂ 1985ರಲ್ಲಿ ಪ್ರಕಟಿಸಿದರು. 2018ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಈ ಕಿರಣವನ್ನು ದ್ರವರೂಪದ ರಾಳದೊಳಗೆ ಕೇಂದ್ರೀಕರಿಸಿದರೆ, ಬೆಳಕು ಅತಿ ಸಾಂದ್ರವಾದ ಬಿಂದುವಿನಲ್ಲಿ ಮಾತ್ರ ರಾಳವು ಗಟ್ಟಿಯಾಗುತ್ತದೆ. ಹೀಗೆ 2001ರಲ್ಲಿ ಜಪಾನಿನ ಒಸಾಕಾದ ವಿಜ್ಞಾನಿಗಳು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಉದ್ದದ ಗೂಳಿಯೊಂದನ್ನು ರೂಪಿಸಿದರು. ಅದರ ಕುಸುರಿಯ ಸೂಕ್ಷ್ಮತೆ ಸುಮಾರು 120 ನ್ಯಾನೋಮೀಟರ್. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕಣ್ಣಿನ ಪಾರದರ್ಶಕ ಪಟಲವನ್ನು ಕೊಯ್ಯುವ ಶಸ್ತ್ರಚಿಕಿತ್ಸೆಯಲ್ಲಿಯೂ ಇಂತಹ ಮಿಡಿತಗಳೇ ಬಳಕೆಯಲ್ಲಿವೆ.

ಇದರ ಬುನಾದಿಯಾದ ಬೆಳಕು, ಶಾಖ, ಕಾಲಗಳು ಪ್ರೌಢಶಾಲೆಯ ಪಾಠಗಳೇ. ಅವನ್ನು ಬಾಯಿಪಾಠವಾಗಿಸದೆ, ಮಸೂರವನ್ನು ಕೈಗಿತ್ತು ಕಲಿಸಿದಲ್ಲಿ, ನಮ್ಮ ಹಳ್ಳಿಯ ಮಕ್ಕಳಿಗೂ ಈ ವಿದ್ಯೆಯ ಬಾಗಿಲು ತೆರೆದೀತು.